ಬೇಸಿಗೆಯ ಹುಲ್ಲು, ಹುಲಿಯ ಪಾಲು: ಕೊಡಗಿನ ಜಿಂಕೆಗಳ ಲೆಕ್ಕ

ನಮ್ಮ ಗದ್ದೆಯ ಒಂದು ಬದಿಗೆ ಆನೆ ಕಂದಕ. ಕಂದಕದ ಆಚೆ ನಾಗರಹೊಳೆಯ ಕಾಡು. ನಾಟಿ ಮುಗಿದು ಪೈರು ಹಸಿರೇರಿದ ಮೇಲೆ ಕೆಲವು ಬೆಳಿಗ್ಗೆ ಬದುವಿನ ಕೆಸರಿನಲ್ಲಿ ಪುಟ್ಟ ಗೊರಸಿನ ಗುರುತುಗಳು ಕಾಣುತ್ತವೆ. ಪೈರಿನ ತುದಿ ಹರಿದಿರುತ್ತದೆ. ಅಂಥ ದಿನ ನಮ್ಮ ಮಾವ ಕಾಫಿ ಲೋಟ ಹಿಡಿದು ಗದ್ದೆ ಕಡೆ ನೋಡುತ್ತಾ ಹೇಳುವ ಮಾತು ಒಂದೇ: "ಬೇಟೆ ನಿಂತಿತಲ್ಲ, ಅದಕ್ಕೇ ಇವು ಹೀಗೆ ಹೆಚ್ಚಿದ್ದು. ಮನೆಗೆ ವರ್ಷಕ್ಕೆ ಒಂದೋ ಎರಡೋ ಅಂತ ಮಿತಿ ಹಾಕಿ ಬಿಟ್ಟುಬಿಡಲಿ. ಎಲ್ಲ ಸರಿಹೋಗುತ್ತೆ."

ದಕ್ಷಿಣ ಕೊಡಗಿನ ಯಾವ ಮನೆಯ ಜಗಲಿಯಲ್ಲಿ ಕೂತರೂ ಈ ಮಾತು ಒಂದಲ್ಲ ಒಂದು ಸಲ ಕಿವಿಗೆ ಬೀಳುತ್ತದೆ. ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ಅಮೆರಿಕದಲ್ಲಿ ಹಾಗೇ ಮಾಡುತ್ತಾರೆ, ಅಲ್ಲಿ ಅದರಿಂದ ಉಪಯೋಗವೂ ಆಗಿದೆ. ಹಾಗಾದರೆ ಇಲ್ಲೇಕೆ ಆಗುವುದಿಲ್ಲ? ಇದಕ್ಕೆ ಉತ್ತರ ಬೇಕಾದರೆ ಮೊದಲು ಜಿಂಕೆಯ ಸಂಖ್ಯೆಯನ್ನು ಹಿಡಿದು ನಿಲ್ಲಿಸುವುದು ಯಾವುದು ಅಂತ ತಿಳಿಯಬೇಕು.

ನಾವು ಜಿಂಕೆ ಅನ್ನುವುದು ಚುಕ್ಕೆ ಜಿಂಕೆಗೆ. ಕೊಡಗಿನಲ್ಲಿ ಅದರ ಜೊತೆಗೆ ಕಡವೆ ಇದೆ, ಕಾಡುಕುರಿ ಇದೆ, ಮೊಲದ ಗಾತ್ರದ ಬರಿಂಕವೂ ಇದೆ. ಬರಿಂಕಕ್ಕೆ ಕೊಂಬಿಲ್ಲ, ಅದು ನಿಜವಾದ ಜಿಂಕೆಯ ಕುಲಕ್ಕೆ ಸೇರಿದ್ದೂ ಅಲ್ಲ. ಚುಕ್ಕೆ ಜಿಂಕೆಗೆ ಹುಲ್ಲೂ ಬೇಕು, ಬಯಲೂ ಬೇಕು, ಓಡಿ ಸೇರಿಕೊಳ್ಳಲು ಕಾಡಿನ ಅಂಚೂ ಬೇಕು. ಅದಕ್ಕೇ ಅದು ತಿತಿಮತಿ, ಬಾಳೆಲೆ, ಕುಟ್ಟದ ಕಡೆಯ ಎಲೆ ಉದುರುವ ಕಾಡುಗಳಲ್ಲಿ ಹಿಂಡು ಹಿಂಡಾಗಿ ಸಿಗುತ್ತದೆ. ಭಾಗಮಂಡಲ, ಪುಷ್ಪಗಿರಿ ಕಡೆಯ ಮಳೆಕಾಡಿಗೆ ಹೋದರೆ ಕಡವೆ, ಕಾಡುಕುರಿ ಸಿಕ್ಕಾವು, ಜಿಂಕೆಯ ಹಿಂಡು ಸಿಗುವುದಿಲ್ಲ. ಅಲ್ಲಿ ಹಸಿರು ಬೇಕಾದಷ್ಟಿದೆ, ಆದರೆ ಅದೆಲ್ಲ ತಲೆಯ ಮೇಲೆ ನೂರಡಿ ಎತ್ತರದಲ್ಲಿದೆ. ಬಾಯಿಗೆ ಎಟುಕುವ ಹುಲ್ಲು ಕಡಿಮೆ.

ಈಗ ಹೆರಿಗೆಯ ಲೆಕ್ಕಕ್ಕೆ ಬರೋಣ. ಹೆಣ್ಣು ಜಿಂಕೆ ಎರಡು ವರ್ಷದ ಹೊತ್ತಿಗೆ ಮೊದಲ ಮರಿ ಹಾಕುತ್ತದೆ. ಗರ್ಭ ಸುಮಾರು ಎಂಟು ತಿಂಗಳು, ಸಾಮಾನ್ಯವಾಗಿ ಒಂದೇ ಮರಿ. ಹಂದಿಯ ಹಾಗೆ ಒಂದೇ ಸೂಲಿಗೆ ಐದಾರು ಹಾಕುವುದಿಲ್ಲ. ಇದು ಕಡಿಮೆ ಅನ್ನಿಸಬಹುದು. ಆದರೆ ಹುಟ್ಟಿದ್ದೆಲ್ಲ ಬದುಕಿದರೆ ಕೆಲವೇ ವರ್ಷಗಳಲ್ಲಿ ಹಿಂಡು ಎರಡರಷ್ಟಾಗುತ್ತದೆ, ಆಮೇಲೆ ನಾಲ್ಕರಷ್ಟಾಗುತ್ತದೆ.

ಹೀಗೆ ಆಗಿದ್ದೂ ಉಂಟು. ದೆಹಲಿಯ ಹೌಜ್ ಖಾಸ್ ಬಳಿಯ ಜಿಂಕೆ ಉದ್ಯಾನಕ್ಕೆ 1960ರ ದಶಕದಲ್ಲಿ ತಂದು ಬಿಟ್ಟದ್ದು ಬೆರಳೆಣಿಕೆಯ ಜಿಂಕೆಗಳನ್ನು. 2023ರ ಹೊತ್ತಿಗೆ ಅವು ಸುಮಾರು 600 ಆಗಿ, ಬೇರೆ ಕಡೆಗೆ ಸಾಗಿಸುವ ಪರಿಸ್ಥಿತಿ ಬಂತು. ಬೇಲಿಯೊಳಗೆ ಮೇವು ಕೈಗೆ ಬರುತ್ತದೆ, ಹಿಡಿದು ತಿನ್ನುವವರು ಯಾರೂ ಇಲ್ಲ, ಇನ್ನೇನಾಗುತ್ತದೆ? ಅಂಡಮಾನಿನದು ಇನ್ನೂ ದೊಡ್ಡ ಕತೆ. ಬ್ರಿಟಿಷರು ಅಲ್ಲಿಗೆ ಒಯ್ದು ಬಿಟ್ಟ ಜಿಂಕೆಗಳು ದ್ವೀಪದಿಂದ ದ್ವೀಪಕ್ಕೆ ಈಜಿ ಹಬ್ಬಿದವು. ಅಲ್ಲಿ ಹುಲಿ ಇಲ್ಲ, ಚಿರತೆ ಇಲ್ಲ. ಮರದ ಸಸಿ ಮೊಳಕೆಯಲ್ಲೇ ಜಿಂಕೆಯ ಹೊಟ್ಟೆ ಸೇರುತ್ತಾ ಕಾಡಿನ ಮುಂದಿನ ಪೀಳಿಗೆಯೇ ಎದ್ದು ನಿಲ್ಲದ ಹಾಗಾಯಿತು. ಹವಾಯಿ ದ್ವೀಪಗಳಿಗೂ ನಮ್ಮ ಇದೇ ಚುಕ್ಕೆ ಜಿಂಕೆ 1860ರ ದಶಕದಲ್ಲಿ ಉಡುಗೊರೆಯಾಗಿ ಹೋಯಿತು. ಈಗ ಅಲ್ಲಿನ ರೈತರಿಗೆ ಅದು ದೊಡ್ಡ ತಲೆನೋವು.

ಅಂದರೆ ಮಾವನ ಭಯಕ್ಕೆ ಆಧಾರವಿದೆ. ತಡೆಯುವವರಿಲ್ಲದಿದ್ದರೆ ಜಿಂಕೆ ಹೆಚ್ಚುತ್ತದೆ. ಪ್ರಶ್ನೆ ಇಷ್ಟೇ: ನಮ್ಮ ಕಾಡಿನಲ್ಲಿ ತಡೆಯುವವರು ಇದ್ದಾರೋ ಇಲ್ಲವೋ?

ಮೊದಲ ತಡೆ ಹುಲ್ಲು. ಇಲ್ಲಿ ಒಂದು ವಿಷಯವನ್ನು ಬಹಳ ಜನ ತಪ್ಪಾಗಿ ತಿಳಿದಿರುತ್ತಾರೆ. ಮಳೆಗಾಲದ ಕಾಡು ನೋಡಿ, ಇಷ್ಟು ಹಸಿರಿದೆ, ಎಷ್ಟು ಜಿಂಕೆ ಬೇಕಾದರೂ ಬದುಕಬಹುದು ಅಂದುಕೊಳ್ಳುತ್ತೇವೆ. ಆದರೆ ಒಂದು ಕಾಡು ಎಷ್ಟು ಜಿಂಕೆ ಸಾಕಬಲ್ಲದು ಅನ್ನುವುದನ್ನು ಆಗಸ್ಟ್ ತಿಂಗಳು ತೀರ್ಮಾನಿಸುವುದಿಲ್ಲ, ಮಾರ್ಚ್ ತೀರ್ಮಾನಿಸುತ್ತದೆ. ವರ್ಷದ ಹನ್ನೊಂದು ತಿಂಗಳು ಹೊಟ್ಟೆ ತುಂಬಿ, ಒಂದು ತಿಂಗಳು ಮೇವಿಲ್ಲದಿದ್ದರೂ ಪ್ರಾಣಿ ಸಾಯುತ್ತದೆ, ಅಲ್ವಾ? ಬೇಸಿಗೆಯಲ್ಲಿ ಹುಲ್ಲು ಒಣಗಿ ಸೊಪ್ಪೆಯಾಗುತ್ತದೆ, ಅದರಲ್ಲಿ ಸತ್ವ ಇರುವುದಿಲ್ಲ. ಬಸುರಿ ಜಿಂಕೆ ಸೊರಗುತ್ತದೆ, ಹುಟ್ಟಿದ ಮರಿಗೆ ಹಾಲು ಸಾಲದು. ಹಿಂಡು ದೊಡ್ಡದಿದ್ದಷ್ಟೂ ಒಂದೊಂದಕ್ಕೆ ಸಿಗುವ ಮೇವು ಕಡಿಮೆ. ಎಳೆಯ ಹೆಣ್ಣುಗಳು ತಡವಾಗಿ ಬಸುರಾಗುತ್ತವೆ, ಮರಿಗಳು ಹೆಚ್ಚು ಸಾಯುತ್ತವೆ. ಹೀಗೆ ಹಿಂಡು ತನ್ನ ಬೆಳವಣಿಗೆಗೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ.

ಕಾಫಿಯವರಾದ ನಾವು ಫೆಬ್ರವರಿ ಮಾರ್ಚಿನಲ್ಲಿ ಹೂಮಳೆಗಾಗಿ ಆಕಾಶ ನೋಡುತ್ತೇವೆ. ಕಾಡಿನ ಜಿಂಕೆಗೂ ಅದೇ ಮಳೆ ಬೇಕು. ತೋಟದಲ್ಲಿ ಹೂವು ಅರಳಿಸುವ ಮಳೆಯೇ ಕಾಡಿನ ಹಡ್ಲುಗಳಲ್ಲಿ ಹೊಸ ಹುಲ್ಲು ಚಿಗುರಿಸುತ್ತದೆ. ಹಡ್ಲು ಅಂದರೆ ಕಾಡಿನ ನಡುವೆ ತಗ್ಗಿನಲ್ಲಿರುವ ಜೌಗು ಹುಲ್ಲುಗಾವಲು. ಬೇಸಿಗೆಯಲ್ಲೂ ನೆಲದಲ್ಲಿ ಪಸೆ ಇರುವುದರಿಂದ ಅಲ್ಲಿ ಒಂದಿಷ್ಟು ಹಸಿರು ಉಳಿದಿರುತ್ತದೆ. ನಾಗರಹೊಳೆಯಲ್ಲಿ ಜಿಂಕೆ ಇಷ್ಟು ಚೆನ್ನಾಗಿ ಇರುವುದಕ್ಕೆ ಈ ಹಡ್ಲುಗಳು ದೊಡ್ಡ ಕಾರಣ. ಇನ್ನೊಂದು ಕಾರಣ ಕಬಿನಿ. 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ಕಾಡಿನ ಅಂಚಿಗೆ ಹಿನ್ನೀರು ಬಂದು ನಿಂತಿತು. ಬೇಸಿಗೆಯಲ್ಲಿ ನೀರು ಇಳಿದಂತೆ ಕೆರೆಯ ತಳದಲ್ಲಿ ಎಳೆ ಹುಲ್ಲು ಹುಟ್ಟುತ್ತದೆ. ಎಲ್ಲ ಕಡೆ ಒಣಗಿರುವಾಗಲೇ ಅಲ್ಲಿ ಹಸಿರು. ಆನೆ, ಕಾಟಿ (ಕಾಡುಕೋಣ), ಜಿಂಕೆ ಎಲ್ಲ ಅಲ್ಲಿಗೆ ಇಳಿಯುತ್ತವೆ. ಆ ಹಿನ್ನೀರು ಅಲ್ಲಿನ ಮಾರ್ಚ್ ತಿಂಗಳನ್ನೇ ಬದಲಿಸಿಬಿಟ್ಟಿದೆ.

ಇದಕ್ಕೆ ಉಲ್ಟಾ ಕೆಲಸ ಮಾಡುವುದು ಲಂಟಾನ ಅನ್ನುವ ಪೊದೆಗಳೆ. ಅದು ಹಬ್ಬಿದ ಜಾಗದಲ್ಲಿ ಹುಲ್ಲು ಏಳುವುದಿಲ್ಲ. ದೂರದಿಂದ ನೋಡಿದರೆ ಹಸಿರು ಕಾಡು. ಜಿಂಕೆಯ ಪಾಲಿಗೆ ಖಾಲಿ ತಟ್ಟೆ.

ಮೇವು ಮೀರಿದರೆ ಏನಾಗುತ್ತದೆ ಅನ್ನುವುದಕ್ಕೆ ಅಲಾಸ್ಕಾದ ಸೇಂಟ್ ಮ್ಯಾಥ್ಯೂ ದ್ವೀಪದ ಉದಾಹರಣೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. 1944ರಲ್ಲಿ ಅಲ್ಲಿ 29 ಹಿಮಜಿಂಕೆ ಬಿಟ್ಟರು. ತೋಳ ಇಲ್ಲ, ಬೇಟೆ ಇಲ್ಲ. 1963ಕ್ಕೆ ಸುಮಾರು 6,000 ಆದವು. ಆಮೇಲೆ ಒಂದು ಕೆಟ್ಟ ಚಳಿಗಾಲ ಬಂತು. ಮೇವನ್ನು ಮೊದಲೇ ಬೋಳಿಸಿ ಆಗಿತ್ತು. 1966ರಲ್ಲಿ ಎಣಿಸಿದಾಗ ಉಳಿದದ್ದು 42. ಹಸಿವು ಕೆಲವೊಮ್ಮೆ ಸಂಖ್ಯೆಯನ್ನು ನಿಯಂತ್ರಿಸುವುದು ಹೀಗೂ ಉಂಟು. ಕೊನೆಯವರೆಗೆ ಸುಮ್ಮನಿದ್ದು ಒಮ್ಮೆಲೇ ಹೊಡೆಯುತ್ತದೆ.

ಎರಡನೆಯ ತಡೆ ರೋಗ. ಹಳಬರು ದೊಡ್ಡರೋಗ ಅನ್ನುತ್ತಿದ್ದರಲ್ಲ, ದನಗಳ ಆ ರೋಗ 1968ರಲ್ಲಿ ಬಂಡೀಪುರ, ಮುದುಮಲೈ ಸೀಮೆಯ ಕಾಡುಗಳಲ್ಲಿ ಕಾಟಿಗಳನ್ನು ರಾಶಿ ರಾಶಿಯಾಗಿ ಕೊಂದಿತು. ಕಾಡಿಗೆ ಮೇಯಲು ಹೋಗುವ ದನ ಮತ್ತು ಕಾಡಿನ ಗೊರಸಿನ ಪ್ರಾಣಿ ಒಂದೇ ಹುಲ್ಲು ತಿಂದು, ಒಂದೇ ಕೆರೆ ನೀರು ಕುಡಿದರೆ ರೋಗಕ್ಕೆ ಗಡಿ ಇರುವುದಿಲ್ಲ. ಲಸಿಕೆಯ ಬಲದಿಂದ ದೊಡ್ಡರೋಗ 2011ರಲ್ಲಿ ಇಡೀ ಲೋಕದಿಂದಲೇ ಹೋಯಿತು. ಕಾಲುಬಾಯಿ ರೋಗ ಮಾತ್ರ ಇನ್ನೂ ಇದೆ.

ಮೂರನೆಯ ತಡೆಗೆ ಬರೋಣ. ನಮ್ಮ ಕಾಡಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು 1986ರಿಂದ ನಾಗರಹೊಳೆಯಲ್ಲಿ ಹುಲಿ ಮತ್ತು ಅದರ ಆಹಾರ ಎರಡನ್ನೂ ಎಣಿಸುತ್ತಾ ಬಂದವರು. ಹುಲಿಯನ್ನು ಅದರ ಪಟ್ಟೆಯಿಂದ ಗುರುತಿಸಬಹುದು, ಕ್ಯಾಮೆರಾ ಇಟ್ಟರೆ ಆಯಿತು. ಜಿಂಕೆಯನ್ನು ಹಾಗೆ ಗುರುತಿಸಲು ಆಗದು. ಅದಕ್ಕೆ ಕಾಡಿನಲ್ಲಿ ನೇರ ಗೆರೆಯಂತೆ ದಾರಿ ಸವರಿ, ಬೆಳಿಗ್ಗೆ ಸಂಜೆ ಸದ್ದಿಲ್ಲದೆ ನಡೆಯುತ್ತಾರೆ. ಕಂಡ ಪ್ರತಿ ಹಿಂಡು ಎಷ್ಟು ದೂರದಲ್ಲಿದೆ, ಎಷ್ಟು ಪ್ರಾಣಿ ಇವೆ ಅಂತ ಅಳೆದು ಬರೆದುಕೊಳ್ಳುತ್ತಾರೆ. ದೂರ ಹೆಚ್ಚಿದಂತೆ ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ. ಆ ಇಳಿಕೆಯ ಲೆಕ್ಕದಿಂದ ಕಣ್ಣು ತಪ್ಪಿಸಿಕೊಂಡವು ಎಷ್ಟಿರಬಹುದು ಅಂತ ತೆಗೆಯುತ್ತಾರೆ. ಹೀಗೆ ಎಣಿಸಿದಾಗ ನಾಗರಹೊಳೆಯ ಒಳ್ಳೆಯ ಭಾಗದಲ್ಲಿ ಚದರ ಕಿಲೋಮೀಟರಿಗೆ ಸುಮಾರು 50 ಚುಕ್ಕೆ ಜಿಂಕೆ ಸಿಕ್ಕವು. ಅದು ಬಹಳ ಒಳ್ಳೆಯ ಸಂಖ್ಯೆ.

ಆ ಅಧ್ಯಯನಗಳಿಂದ ತಿಳಿದ ಇನ್ನೊಂದು ಲೆಕ್ಕ ಹೀಗಿದೆ. ಒಂದು ಹುಲಿಗೆ ವರ್ಷಕ್ಕೆ ಜಿಂಕೆಯಷ್ಟು ದೊಡ್ಡ ಪ್ರಾಣಿ ಸುಮಾರು 50 ಬೇಕು. ವಾರಕ್ಕೊಂದು ಅನ್ನಿ. ಕಾಡಿನಲ್ಲಿರುವ ಅಂಥ ಪ್ರಾಣಿಗಳಲ್ಲಿ ವರ್ಷಕ್ಕೆ ಸುಮಾರು ಹತ್ತರಲ್ಲಿ ಒಂದನ್ನು ಹುಲಿ ತೆಗೆಯುತ್ತದೆ. ಅಂದರೆ ಒಂದು ಹುಲಿಯ ಹಿಂದೆ 500 ಪ್ರಾಣಿಗಳ ಬಂಡವಾಳ ಇರಬೇಕು. ಹುಲಿ ತಿನ್ನುವುದು ಬಡ್ಡಿಯನ್ನು.

ಈಗ ಗುಣಿಸಿ ನೋಡಿ. 2022ರ ಗಣತಿಯಲ್ಲಿ ನಾಗರಹೊಳೆ ಹುಲಿ ಮೀಸಲಿನ ಒಳಗೆ 141 ಹುಲಿಗಳಿವೆ ಅಂತ ಅಂದಾಜಾಯಿತು. ಒಂದಕ್ಕೆ 50 ಅಂದರೆ ವರ್ಷಕ್ಕೆ 7,000ಕ್ಕೂ ಹೆಚ್ಚು ಪ್ರಾಣಿ. ಎಲ್ಲವೂ ಜಿಂಕೆಯಲ್ಲ. ಹುಲಿಗೆ ಕೈಗೆಟುಕಿದರೆ ಕಡವೆ, ಕಾಟಿಯಂಥ ದೊಡ್ಡ ಮೈಯೇ ಇಷ್ಟ. ಆದರೆ ಹುಲಿ ಬಿಟ್ಟದ್ದಕ್ಕೆ ಚಿರತೆ ಇದೆ, ಸೀಳುನಾಯಿ ಇದೆ. ಹಗಲಲ್ಲೇ ಗುಂಪಾಗಿ ಬೆನ್ನಟ್ಟುವ ಸೀಳುನಾಯಿಗಳಿಗೆ ಚುಕ್ಕೆ ಜಿಂಕೆಯೇ ಮುಖ್ಯ ಊಟ. ಕೊಡಗಿನ ಬಂದೂಕುಗಳೆಲ್ಲ ಸೇರಿದರೂ ಇಷ್ಟು ಕಟ್ಟುನಿಟ್ಟಾಗಿ, ವರ್ಷವಿಡೀ, ಒಂದು ದಿನವೂ ರಜೆ ಇಲ್ಲದೆ ಈ ಕೆಲಸ ಮಾಡಲಾರವು.

ಹಾಗಾದರೆ ಅಮೆರಿಕದಲ್ಲಿ ಬೇಟೆಗೆ ಮಿತಿ ಹಾಕಿ ಬಿಡುವುದೇಕೆ? ಅಲ್ಲಿನ ಪೂರ್ವದ ರಾಜ್ಯಗಳಲ್ಲಿ ತೋಳ, ಬೆಟ್ಟದ ಸಿಂಹ ಅನ್ನುವ ಪ್ಯೂಮಾ ಇವನ್ನೆಲ್ಲ ಜನರೇ ಮುಗಿಸಿದರು. 1900ರ ಹೊತ್ತಿಗೆ ಮಿತಿಯಿಲ್ಲದ ಬೇಟೆಯಿಂದ ಬಿಳಿಬಾಲದ ಜಿಂಕೆಯೂ ಇಡೀ ದೇಶದಲ್ಲಿ ಐದು ಲಕ್ಷದ ಆಸುಪಾಸಿಗೆ ಇಳಿದಿತ್ತು. ಆಮೇಲೆ ಬಿಗಿ ಕಾನೂನು ಬಂತು, ಜಿಂಕೆ ಚೇತರಿಸಿಕೊಂಡಿತು. ಈಗ ಸುಮಾರು ಮೂರು ಕೋಟಿ. ತಿನ್ನುವ ಪ್ರಾಣಿ ಇಲ್ಲ, ಜೋಳದ ಹೊಲ ಬೇಕಾದಷ್ಟಿದೆ. ಆದ್ದರಿಂದ ಪ್ರತಿ ರಾಜ್ಯವೂ ವರ್ಷ ವರ್ಷ ಲೆಕ್ಕ ಹಾಕಿ, ಯಾವ ಜಿಲ್ಲೆಯಲ್ಲಿ ಎಷ್ಟು ಹೊಡೆಯಬಹುದು ಅಂತ ಚೀಟಿ ಕೊಡುತ್ತದೆ. ಹೊಡೆದ ಪ್ರಾಣಿಯ ಲೆಕ್ಕ ಒಪ್ಪಿಸಬೇಕು.

ಆ ಮಿತಿಯೊಳಗೆ ಎರಡು ಸೂಕ್ಷ್ಮಗಳಿವೆ. ಒಂದು, ಗಂಡು ಹೆಣ್ಣಿನ ಲೆಕ್ಕ. ಕೊಂಬಿನ ಗಂಡನ್ನು ಹೊಡೆಯುವುದೇ ಬೇಟೆಗಾರರಿಗೆ ಹೆಮ್ಮೆ. ಆದರೆ ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ. ಹತ್ತು ಗಂಡು ಹೋದರೂ ಮುಂದಿನ ವರ್ಷದ ಮರಿಗಳ ಸಂಖ್ಯೆ ಅಷ್ಟಾಗಿ ಇಳಿಯುವುದಿಲ್ಲ. ಸಂಖ್ಯೆ ಇಳಿಸಬೇಕಾದರೆ ಹೆಣ್ಣನ್ನೇ ತೆಗೆಯಬೇಕು. ಅದಕ್ಕೇ ಅಲ್ಲಿ ಕೊಂಬಿಲ್ಲದ ಜಿಂಕೆಗೆ ಬೇರೆಯೇ ಚೀಟಿ. ಹಿಂಡು ಬೆಳೆಯಬೇಕಾದ ಕಡೆ ಆ ಚೀಟಿ ಕಡಿಮೆ ಕೊಡುತ್ತಾರೆ, ಇಳಿಯಬೇಕಾದ ಕಡೆ ಜಾಸ್ತಿ ಕೊಡುತ್ತಾರೆ.

ಎರಡನೆಯದು ಕಾಲದ ಲೆಕ್ಕ, ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದದ್ದು. ಲೆಕ್ಕಕ್ಕೆ ಅಂತ ಒಂದು ಕಾಡು ಇಟ್ಟುಕೊಳ್ಳಿ. ಕಷ್ಟದ ಕಾಲದಲ್ಲಿ ಅಲ್ಲಿ 100 ಜಿಂಕೆಗೆ ಮಾತ್ರ ಮೇವಿದೆ. ಆದರೆ ಇರುವುದು 130. ಏನೂ ಮಾಡದಿದ್ದರೂ 30 ಸಾಯುತ್ತವೆ. ಕಷ್ಟಕಾಲಕ್ಕೆ ಮೊದಲೇ 20 ಹೊಡೆದರೆ ಆಮೇಲೆ ಹಸಿವಿಗೆ ಸಾಯುವುದು 10. ಕೊನೆಗೆ ಉಳಿಯುವುದು ಅದೇ 100. ಬಂದೂಕಿನ ಸಾವು ಹಸಿವಿನ ಸಾವಿನ ಜಾಗಕ್ಕೆ ಬಂತು, ಅಷ್ಟೇ. 50 ಹೊಡೆದರೆ ಮಾತ್ರ ಉಳಿಯುವುದು 80. ಈಗ ಬಂದೂಕಿನ ಸಾವು ಉಳಿದ ಸಾವುಗಳ ಮೇಲೆ ಸೇರಿಕೊಂಡಿತು. ಚಳಿಗಾಲದ ಮೊದಲು ಬೇಟೆಯ ಕಾಲ ಇಡುವುದರ ಹಿಂದೆ ಈ ಲೆಕ್ಕವಿದೆ.

ಈಗ ಇದನ್ನೇ ನಾಗರಹೊಳೆಗೆ ತನ್ನಿ. ಮೇವಿಗಿಂತ ಹೆಚ್ಚಾದ ಆ 30 ಜಿಂಕೆಗಳನ್ನು ಇಲ್ಲಿ ಹುಲಿ, ಚಿರತೆ, ಸೀಳುನಾಯಿ ಆಗಲೇ ತಿಂದಿವೆ. ನಾವು 20 ಹೊಡೆದೆವು ಅಂತ ಹುಲಿ ಉಪವಾಸ ಕೂರುವುದಿಲ್ಲ. ಅದು ತನ್ನ ವಾರದ ಊಟ ಹುಡುಕಿಯೇ ಹುಡುಕುತ್ತದೆ. ಹಿಂಡು 100ಕ್ಕಿಂತ ಕೆಳಗೆ ಇಳಿಯುತ್ತದೆ. ಹಾಗೇ ಇಳಿಯುತ್ತಾ ಹೋದರೆ ಹುಲಿ ಹುಡುಕಿಕೊಂಡು ಬರುವುದು ಎಲ್ಲಿಗೆ? ನಮ್ಮ ಕೊಟ್ಟಿಗೆಗೆ. ಕಾಡಿನ ಅಂಚಿನಲ್ಲಿ ದನ ಕಳೆದುಕೊಂಡ ಮನೆಯವರಿಗೆ ಆ ನೋವು ಗೊತ್ತು. ಕಾಡಿನ ಜಿಂಕೆ ನಮ್ಮ ದನಕ್ಕೆ ಒಂದು ರೀತಿಯ ಬೇಲಿ ಅಂತ ನಾನು ನಂಬುತ್ತೇನೆ.

ಇನ್ನೊಂದು ತೊಡಕಿದೆ. ಅಮೆರಿಕದ ಜಿಂಕೆಗೆ ಕೂಡುವ ಕಾಲ, ಮರಿ ಹಾಕುವ ಕಾಲ ಗೊತ್ತಾಗಿದೆ. ಆ ಕಾಲದಲ್ಲಿ ಬೇಟೆ ನಿಲ್ಲಿಸಿದರೆ ಆಯಿತು. ನಮ್ಮ ಚುಕ್ಕೆ ಜಿಂಕೆ ಹಾಗಲ್ಲ. ಕೆಲವು ತಿಂಗಳು ಮರಿ ಜಾಸ್ತಿ ಅನ್ನುವುದು ನಿಜ, ಆದರೆ ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಹಿಂಡಿನಲ್ಲಿ ಬಸುರಿ ಇರುತ್ತದೆ, ಹಾಲು ಕುಡಿಯುವ ಮರಿ ಇರುತ್ತದೆ. ಕೊಂಬು ಬಲಿತ ಗಂಡೂ ಇರುತ್ತದೆ, ಕೊಂಬು ಉದುರಿಸಿದ ಗಂಡೂ ಇರುತ್ತದೆ. ಕೊಂಬಿಲ್ಲ ಅಂತ ಹೆಣ್ಣು ಅಂದುಕೊಳ್ಳುವ ಹಾಗೂ ಇಲ್ಲ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ತುಂಬಾ ಗೊಂದಲವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ರೂಪದಲ್ಲಿ ಪರವಾನಗಿ ಪಡೆದು ಬೇಟೆಯಾಡುವ ಅವಕಾಶವಿತ್ತು. 1991ರ ತಿದ್ದುಪಡಿ ಆ ಬಾಗಿಲು ಮುಚ್ಚಿತು. ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಬಂದೂಕಿನ ಲೈಸೆನ್ಸಿಗೆ ಸಂಬಂಧಿಸಿದ್ದು. ಬೇಟೆಗೆ ಅದರಲ್ಲಿ ಯಾವ ಅನುಮತಿಯೂ ಇಲ್ಲ. ಪ್ರಾಣಿಯಿಂದ ಜೀವಕ್ಕೆ ಅಥವಾ ಬೆಳೆಗೆ ಅಪಾಯವಾದಾಗ ಅನುಮತಿ ಕೊಡುವ ಅಧಿಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಕಾಯ್ದೆಯಲ್ಲೇ ಇದೆ. ಅದು ಒಬ್ಬೊಬ್ಬರು ತಮಗೆ ತಾವೇ ಕೊಟ್ಟುಕೊಳ್ಳುವ ಅನುಮತಿಯಲ್ಲ.

ಬೇಟೆ ನಮ್ಮ ಊರಿನ ಬದುಕಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಅನ್ನುವುದು ನನಗೆ ಗೊತ್ತು. ಅಯ್ಯಪ್ಪನ ದೇವರಕಾಡುಗಳಲ್ಲಿ ಹರಕೆಯ ಮಣ್ಣಿನ ನಾಯಿಗಳು ಇವತ್ತಿಗೂ ಸಾಲಾಗಿ ಕೂತಿವೆ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಹಿಂದೆ ಕಾಡಿಗೆ ಹೋಗುತ್ತಿದ್ದವರು ಈಗ ಮರದ ತುದಿಯ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಆ ಬದಲಾವಣೆಯನ್ನು ನಾನು ತುಂಬಾ ಗೌರವದಿಂದ ನೋಡುತ್ತೇನೆ. ಬೇಟೆಯ ನಾಡಿನಲ್ಲಿ ಹುಟ್ಟಿ, ಬೇಟೆ ತಡೆಯಲು ಜೀವ ಪಣಕ್ಕಿಟ್ಟವರೂ ಕೊಡಗಿನವರೇ. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದು 2024ರಲ್ಲಿ ತೀರಿಕೊಂಡ ಕೆ.ಎಂ. ಚಿಣ್ಣಪ್ಪನವರನ್ನು ನೆನೆಯದೆ ಈ ವಿಷಯ ಬರೆಯಲಾಗದು. ಕಳ್ಳಬೇಟೆ ನಿಂತು, ಹಡ್ಲುಗಳು ಮತ್ತೆ ಪ್ರಾಣಿಗಳಿಗೆ ಸಿಕ್ಕ ಮೇಲೆ ಜಿಂಕೆ ಬಂದವು, ಅವುಗಳ ಹಿಂದೆ ಹುಲಿಯೂ ಬಂತು.

ಮಾವ ಇಷ್ಟನ್ನೂ ಕೇಳಿಸಿಕೊಂಡು, "ಹಾಗಾದರೆ ನಮ್ಮ ಗದ್ದೆಯಲ್ಲಿ ಮಾತ್ರ ಇಷ್ಟೊಂದು ಯಾಕೆ?" ಅಂದರು. ಒಳ್ಳೆಯ ಪ್ರಶ್ನೆ. ಕಾಡಿನ ಶಿಬಿರಗಳಲ್ಲಿ ರಾತ್ರಿ ಉಳಿದವರು ಗಮನಿಸಿರಬಹುದು. ಕತ್ತಲಾದರೆ ಜಿಂಕೆಗಳು ಕಟ್ಟಡದ ಸುತ್ತ ಬಂದು ಮಲಗುತ್ತವೆ. ಮನುಷ್ಯರ ವಾಸನೆ, ದೀಪ ಇರುವ ಕಡೆ ಹುಲಿ ಬರಲು ಹಿಂದೇಟು ಹಾಕುತ್ತದೆ ಅನ್ನುವುದು ಅವಕ್ಕೆ ಗೊತ್ತು. ನಮ್ಮ ಗದ್ದೆಯೂ ಹಾಗೇ. ಎಳೆ ಪೈರೂ ಇದೆ, ಭಯವೂ ಕಡಿಮೆ. ಅಂಚಿನಲ್ಲಿ ಹೆಚ್ಚು ಕಂಡರೆ ಕಾಡಿನಲ್ಲೂ ಹೆಚ್ಚಾಗಿವೆ ಅಂತ ಅರ್ಥವಲ್ಲ. ಗದ್ದೆಯ ಜಿಂಕೆಯನ್ನು ಎಣಿಸಿ ಕಾಡಿನ ಲೆಕ್ಕ ಹೇಳುವುದು ಸಂತೆಯ ದಿನ ಗೋಣಿಕೊಪ್ಪದ ಜನ ನೋಡಿ ಕೊಡಗಿನ ಜನಸಂಖ್ಯೆ ಹೇಳಿದ ಹಾಗೆ. ಗದ್ದೆಗೆ ಬೇಕಾದದ್ದು ಗದ್ದೆಯ ಮದ್ದು: ಗಟ್ಟಿ ಬೇಲಿ, ಪೈರು ಎಳೆಯದಾಗಿರುವ ವಾರಗಳಲ್ಲಿ ರಾತ್ರಿ ಕಾವಲು, ಹಾಳಾದ ಬೆಳೆಗೆ ತಡವಿಲ್ಲದೆ ಪರಿಹಾರ. ಪರಿಹಾರಕ್ಕಾಗಿ ರೈತ ತಿಂಗಳುಗಟ್ಟಲೆ ಅಲೆಯಬೇಕಾದರೆ ಅವನಿಗೆ ಜಿಂಕೆಯ ಮೇಲೆ ಪ್ರೀತಿ ಉಳಿಯುವುದು ಕಷ್ಟ. ನಮ್ಮ ಮನೆಯಲ್ಲೂ ಒಂದು ಸಲ ಹಾಗೆ ಅಲೆದದ್ದಿದೆ.

ಆದರೆ ನನಗೆ ಈಗ ಬಂದೂಕಿಗಿಂತ ಜಾಸ್ತಿ ಭಯ ಉರುಳಿನದು. ಬೈಕಿನ ಹಳೆಯ ಕ್ಲಚ್ ತಂತಿಯನ್ನು ಕುಣಿಕೆ ಮಾಡಿ ಬೇಲಿಯ ಸಂದಿಗೆ ಕಟ್ಟಿದರೆ ಮುಗಿಯಿತು. ಹಂದಿಗೆ ಅಂತ ಇಟ್ಟದ್ದಕ್ಕೆ ಜಿಂಕೆ ಬೀಳುತ್ತದೆ, ಕಾಡುಕುರಿ ಬೀಳುತ್ತದೆ, ಚಿರತೆಯೂ ಬೀಳುತ್ತದೆ, ಹುಲಿಯೂ ಬೀಳುತ್ತದೆ. ಬಂದೂಕಿಗೆ ಮಿತಿ ಹೇಳಬಹುದು, ಹಿಡಿದವನಿಗೆ ಕಣ್ಣಿದೆ. ಉರುಳಿಗೆ ಗಂಡು ಹೆಣ್ಣು ಗೊತ್ತಿಲ್ಲ, ಬಸುರಿ ಗೊತ್ತಿಲ್ಲ, ಇಷ್ಟು ಸಾಕು ಅನ್ನುವುದು ಗೊತ್ತಿಲ್ಲ. ಇಟ್ಟವನು ಮರೆತರೂ ಅದು ತಿಂಗಳುಗಟ್ಟಲೆ ಕಾಯುತ್ತಾ ಇರುತ್ತದೆ.

ಹೋದ ವರ್ಷ ಕಾಫಿ ಕುಯಿಲಿನ ಹೊತ್ತಿಗೆ ನಮ್ಮ ತೋಟದ ಬೇಲಿಯಲ್ಲೇ ಅಂಥದ್ದೊಂದು ಸಿಕ್ಕಿತು. ಅದರಲ್ಲಿ ಒಂದಿಷ್ಟು ಕಂದು ರೋಮ ಅಂಟಿಕೊಂಡಿತ್ತು. ಪ್ರಾಣಿ ಇರಲಿಲ್ಲ. ಮಾವನೇ ಕತ್ತಿ ತಂದು ಗೂಟ ಕಿತ್ತು, ತಂತಿ ಸುತ್ತಿ ಜೇಬಿಗೆ ಹಾಕಿಕೊಂಡರು. ಅವತ್ತಿನಿಂದ ಭಾನುವಾರ ಬೆಳಿಗ್ಗೆ ನಾವಿಬ್ಬರೂ ಬೇಲಿಯ ಉದ್ದಕ್ಕೂ ಒಂದು ಸುತ್ತು ನಡೆಯುತ್ತೇವೆ. ಇದುವರೆಗೆ ನಾಲ್ಕು ಸಿಕ್ಕಿವೆ.